ಒಂದು ಗೇಣು ದೂರದ ಏಟು

ಸಾಲಿಗ್ರಾಮಂ, ಮದರಾಸು
9-3-1988, ಬುಧವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ ಚೆಲ್ಲಯ್ಯ ಮಾಡುವ ನಮಸ್ಕಾರ.

ಹೇಗಿದ್ದೀಯಮ್ಮ? ಮಂಡಿನೋವಿಗೆ ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಪಕ್ಕದ ಮನೆ ಸಿವಗಾಮಿ ಅತ್ತೆಗೆ ದಾನ ಮಾಡಿಬಿಟ್ಟೆಯೋ? ಅದು ನಾವು ಫೈಟರುಗಳು ಹಚ್ಚಿಕೊಳ್ಳುವ ಎಣ್ಣೆ. ನಮ್ಮ ಕಾಳಿಮುತ್ತು ಮಾಸ್ಟರ್ ಮನೆಯಲ್ಲೇ ಕಾಯಿಸುತ್ತಾರೆ. ವಾಸನೆ ಕೆಟ್ಟದು, ಆದರೆ ಮೂಳೆಗೆ ಇಳಿಯುತ್ತದೆ. ಕಣ್ಣಿನ ಹನಿಯನ್ನೂ ನಿಲ್ಲಿಸಬೇಡ, ಯಾಕೆಂದರೆ ಈ ಪತ್ರವನ್ನು ನೀನೇ ಓದಬೇಕು. ಎಷ್ಟು ಹೊತ್ತಾದರೂ ಸರಿ, ಅಕ್ಷರ ಅಕ್ಷರ ಕೂಡಿಸಿಕೊಂಡು ಓದು. ಮುನ್ನೂರು ಪುಟದ ನಾಟಕಗಳನ್ನು ಬಾಯಿಪಾಠ ಮಾಡಿದವಳಿಗೆ ಮಗನ ನಾಲ್ಕು ಹಾಳೆ ಏನು ಮಹಾ? ಸಿವಗಾಮಿ ಅತ್ತೆ ಕೈಗೆ ಕೊಟ್ಟರೆ ನಿನ್ನ ಕಿವಿಗಿಂತ ಮೊದಲು ಬೀದಿ ತುದಿಯ ಟೀ ಅಂಗಡಿಗೆ ಸುದ್ದಿ ಮುಟ್ಟುತ್ತದೆ. ನನ್ನ ಆರೋಗ್ಯ ಪರವಾಗಿಲ್ಲ. ಎಡಗಿವಿಯೊಳಗೆ ಜೀರುಂಡೆ ಕೂತ ಹಾಗೆ ಸದ್ದು, ಅಷ್ಟೇ. ಅಕ್ಕ ಶುಕ್ರವಾರದಿಂದ ನನ್ನ ಕೋಣೆಯಲ್ಲೇ ಇದ್ದಾಳೆ. ಸ್ವಲ್ಪ ಕುಂಟುತ್ತಾಳೆ, ಆದರೆ ನಿನ್ನೆ ಮೀನುಸಾರು ಮಾಡಿ ಎರಡು ಸಲ ಬಡಿಸಿಕೊಂಡಳು.

ವೈರವನ್ ದೊಡ್ಡಪ್ಪ ಈಗಾಗಲೇ ನಿನ್ನ ಜಗಲಿಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತ ಹೇಳಿರುತ್ತಾರೆ. ಚೆಲ್ಲ ತನ್ನ ಸ್ವಂತ ಭಾವನನ್ನೇ ಹೊಡೆದು ಬಂಡೆಯ ಮೇಲಿಂದ ತಳ್ಳಿದ್ದಾನೆ, ಮೂಗು ಮುರಿದಿದೆ, ಹೆಗಲ ಮೂಳೆ ಎರಡು ತುಂಡಾಗಿದೆ, ಆದರೂ ಅಳಿಯಂದಿರು ದೊಡ್ಡ ಮನಸ್ಸು ಮಾಡಿ ಪೊಲೀಸಿಗೆ ಹೋಗಿಲ್ಲ ಅಂತ. ಆ ದೊಡ್ಡ ಮನಸ್ಸು ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನಿಜ. ಆಸ್ಪತ್ರೆಯಲ್ಲಿ ಭಾವ ಕಾಲು ಜಾರಿ ಬಿದ್ದೆ ಅಂತ ಬರೆಸಿದ್ದಾನೆ. ಆದರೆ ನನ್ನ ಮೇಲೆ ಕೊಲೆ ಪ್ರಯತ್ನದ ದೂರು ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಭಾನುವಾರ ಅವರೆಲ್ಲ ಹಣ್ಣು ಹೂವಿನ ತಟ್ಟೆ ಹಿಡಿದುಕೊಂಡು ನಿನ್ನ ಮನೆಗೆ ಬರುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುತ್ತೇನೆ ಅಂತ ನಿನ್ನ ಬಾಯಿಂದ ಒಂದು ಮಾತು ಬಂದರೆ ಆ ಕಾಗದ ಹರಿದು ಹಾಕುತ್ತಾನಂತೆ. ಬರದಿದ್ದರೆ ಸೋಮವಾರ ನಾನು ಒಳಗೆ. ನಿನಗಿರುವುದು ಒಬ್ಬನೇ ಮಗ. ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು, ದೊಡ್ಡಪ್ಪನಿಗೆ ಗೊತ್ತು, ಅವನಿಗೂ ಗೊತ್ತು. ಹಾಗೆ ಹೇಳಬೇಡ ಅನ್ನುವುದಕ್ಕೇ ಈ ಪತ್ರ.

ಅಕ್ಕನ ಸಿನಿಮಾ ಬದುಕಿನ ಅರ್ಧ ನಿನ್ನ ಕೈಯಲ್ಲೇ ಆದದ್ದು. ಹದಿನೈದನೇ ವಯಸ್ಸಿನಲ್ಲಿ ಗ್ರೂಪ್ ಡಾನ್ಸಿನ ನಾಲ್ಕನೇ ಸಾಲಿನಲ್ಲಿ, ಕ್ಯಾಮರಾಕ್ಕೆ ಬರೀ ಮೊಣಕೈ ಕಾಣುವ ಜಾಗದಲ್ಲಿ ನಿಂತಿದ್ದ ಪೊನ್ನಾತ್ತಾಳನ್ನು ಮೂರೇ ವರ್ಷದಲ್ಲಿ ವಸಂತಮಾಲಾ ಮಾಡಿ ನಡುಮಧ್ಯಕ್ಕೆ ತಂದು ನಿಲ್ಲಿಸಿದೆ. ಸೆಟ್ಟಿನಲ್ಲಿ ಹೀರೋಯಿನ್ ಅಮ್ಮನ ಕುರ್ಚಿಯಲ್ಲಿ ಕೊಡೆ, ಫ್ಲಾಸ್ಕು, ಎಲೆಅಡಿಕೆ ಡಬ್ಬಿ ಇಟ್ಟುಕೊಂಡು ನೀನು ಕೂತಿದ್ದರೆ ಪ್ರೊಡಕ್ಷನ್ನಿನವರು ಬೇರೆ ದಾರಿಯಲ್ಲಿ ಓಡಾಡುತ್ತಿದ್ದರಂತೆ. "ಏನಯ್ಯಾ, ನನ್ ಮಗಳನ್ನ ಬಿಸಿಲಲ್ಲಿ ಒಣಗಿಸ್ತಿದೀಯಲ್ಲ, ಅವಳೇನು ಹಪ್ಪಳಾನಾ?" ಅಂತ ನೀನು ಒಬ್ಬ ಡೈರೆಕ್ಟರನ್ನು ಕೇಳಿದ್ದನ್ನು ಮೇಕಪ್ ಅಂದೋಣಿ ಅಣ್ಣ ಇವತ್ತಿಗೂ ನಿನ್ನ ದನಿಯಲ್ಲೇ ಹೇಳಿ ತೋರಿಸುತ್ತಾರೆ. ಹದಿನಾಲ್ಕು ಚಿತ್ರದಲ್ಲಿ ಅವಳು ನಾಯಕಿ. ಆಮೇಲೆ ತಿರುಮಾರನ್ ಭಾವ ಬಂದ. ಮದುರೆ ಕಡೆ ಚಿತ್ರ ಹಂಚಿಕೆ ಮಾಡುತ್ತಿದ್ದವನು, ಬಿಳಿ ಪಂಚೆ, ಅದರ ಮೇಲೆ ಅಗಲ ಬೆಲ್ಟ್, ಬಿಳಿ ಚಪ್ಪಲಿ. "ಕಾಲ್‌ಶೀಟ್ ಎಲ್ಲಾ ನಾನ್ ನೋಡ್ಕೋತೀನಿ ಅತ್ತೆ, ನೀವು ಊರಲ್ಲಿ ಹಾಯಾಗಿರಿ" ಅಂದ. ನೀನು ಕೊಡೆ ಮಡಚಿಕೊಂಡು ಪುದುಕ್ಕೋಟೆಗೆ ಹೊರಟುಹೋದೆ. ಆಮೇಲಿನ ಎಂಟು ವರ್ಷ ನಿನಗೆ ಗೊತ್ತಿರುವುದು ಪೋಸ್ಟರಿನಲ್ಲಿ ಕಂಡಷ್ಟೇ. ಒಂದು ಕಂಪನಿಯಲ್ಲಿ ತನ್ನನ್ನು ಕಾಯಿಸಿದರು ಅಂತ ಭಾವನ ಜಗಳ, ಇನ್ನೊಂದರಲ್ಲಿ ತನಗೆ ಹಿಂದಿನ ಸಾಲಿನ ಕುರ್ಚಿ ಹಾಕಿದರು ಅಂತ ಜಗಳ. ಹೀಗೇ ಒಂದೊಂದೇ ಕಂಪನಿ ಬಾಗಿಲು ಮುಚ್ಚಿತು. ಅಕ್ಕ ನಾಯಕನ ತಂಗಿಯಾದಳು, ಅತ್ತಿಗೆಯಾದಳು. ಯಾವ ಹೀರೋ ಜೊತೆ ಮಳೆಯಲ್ಲಿ ಕುಣಿದಿದ್ದಳೋ ಅವನೇ ಹೋದ ವರ್ಷ ಒಂದು ಚಿತ್ರದಲ್ಲಿ ಅವಳ ಕಾಲಿಗೆ ಬಿದ್ದು "ಅಮ್ಮಾ" ಅಂದ. ಅಕ್ಕನಿಗಿಂತ ಏಳು ವರ್ಷ ದೊಡ್ಡವನು ಆ ಕತ್ತೆ. ಹೋಟೆಲಿನಲ್ಲಿ ಯಾರಾದರೂ "ಸಾರ್, ನೀವು ವಸಂತಮಾಲಾ ಗಂಡ ಅಲ್ವಾ?" ಅಂತ ಕೇಳಿದರೆ ಭಾವ ನಗುನಗುತ್ತ ಕೈಕುಲುಕುತ್ತಿದ್ದ. ಮನೆಗೆ ಬಂದು ಬೆಲ್ಟ್ ಬಿಚ್ಚುತ್ತಿದ್ದ.

ನನಗೆ ಗೊತ್ತಿತ್ತಮ್ಮ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಫೈಟರ್ ಯೂನಿಯನ್ನಿನಲ್ಲಿ ನನಗೆ ಕಾರ್ಡು ಮಾಡಿಸಿಕೊಟ್ಟವನು ಅವನು. ಹತ್ತನೇ ಕ್ಲಾಸಿನ ಮೇಲೆ ಓದದೆ, ಎಲ್ಲೂ ನಿಲ್ಲದೆ ಅಲೆಯುತ್ತಿದ್ದವನಿಗೆ ಅವನು ಅನ್ನ ತೋರಿಸಿದ. ಅದಕ್ಕೇ ಅಕ್ಕ ಬಾಗಿಲಿಗೆ ಬಡಿದುಕೊಂಡೆ ಅಂದರೆ ಬಾಗಿಲು ಅಂದುಕೊಂಡೆ, ಕೆನ್ನೆ ನಲ್ಲಿಗೆ ತಾಗಿತು ಅಂದರೆ ನಲ್ಲಿ ಅಂದುಕೊಂಡೆ. ಅವರ ಮನೆಯಲ್ಲಿ ನಲ್ಲಿ ಇದ್ದದ್ದು ಮೊಣಕಾಲೆತ್ತರದಲ್ಲಿ.

ಈಗ ತೆಗೆಯುತ್ತಿರುವ ಚಿತ್ರ ಅಕ್ಕನಿಗೆ ಮತ್ತೆ ಸಿಕ್ಕ ಜೀವ. ಗಂಡಸರನ್ನು ಹೊಡೆದು ಉರುಳಿಸುವ ಹೆಂಗಸಿನ ಚಿತ್ರಗಳು ಓಡುತ್ತಿರುವ ಕಾಲ ಇದು. ಊರಿನ ಯಜಮಾನನ ನಲವತ್ತು ಆಳುಗಳನ್ನು ಕೆಂಪು ಸೀರೆ ಕಚ್ಚೆ ಹಾಕಿ ಉಟ್ಟ ಒಬ್ಬಳು ಕೋಲಿನಿಂದ ಚಚ್ಚುತ್ತಾಳೆ. ಪೋಸ್ಟರಿನಲ್ಲಿ ಅವಳೊಬ್ಬಳೇ, ಆಳೆತ್ತರ. ನೆಗೆಯುವುದು, ಉರುಳುವುದು, ಗಾಜು ಒಡೆದು ಹೊರಗೆ ಹಾರುವುದು ಮಾತ್ರ ನಾನು. ನನ್ನ ಮೈಕಟ್ಟು ಅಕ್ಕನದೇ ಅಲ್ಲವಾ, ಅದೇ ಕೆಂಪು ಸೀರೆ, ಮಲ್ಲಿಗೆ ಮುಡಿಸಿದ ಚೌರಿ ಜಡೆ, ಕೈತುಂಬ ಬಳೆ. ನಗಬೇಡ. ಮೀಸೆ ಬೋಳಿಸಿದ ದಿನ ನಾನು ಅತ್ತಿದ್ದೆ. ಫೈಟರಿಗೆ ಮಾಸ್ಟರ್ ಕಲಿಸುವ ಮೊದಲ ಪಾಠ ಏನು ಗೊತ್ತಾ? ಏಟು ಎದುರಿನವನ ಮುಖಕ್ಕೆ ಒಂದು ಗೇಣು ಮುಂಚೆ ನಿಲ್ಲಬೇಕು. ಮಿಕ್ಕಿದ್ದನ್ನು ಏಟು ತಿನ್ನುವವನು ತಲೆ ತಿರುಗಿಸಿ ಪೂರೈಸುತ್ತಾನೆ, ಸದ್ದನ್ನು ಆಮೇಲೆ ಸೇರಿಸುತ್ತಾರೆ. ಈ ತಲೆ ತಿರುಗಿಸುವುದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಅಕ್ಕನಿಗೆ ಮೊದಲ ದಿನವೇ ಬಂತು. "ಏಟು ಹೊರಡೋಕೆ ಮುಂಚೇನೇ ಗೊತ್ತಾಗುತ್ತಲ್ಲಮ್ಮಾ ನಿಂಗೆ, ಯಾವ ಮಾಸ್ಟರ್ ಹತ್ರ ಕಲಿತೆ?" ಅಂತ ಕಾಳಿಮುತ್ತು ಮಾಸ್ಟರ್ ಕೇಳಿದರು. "ಮನೇಲೇ ಕಲಿತೆ ಮಾಸ್ಟರ್" ಅಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು, ಇಲ್ಲಿ ನಲವತ್ತು ಜನರನ್ನು ಹೊಡೆಯುತ್ತೀಯ, ಅಲ್ಲಿ ಒಬ್ಬನಿಗೆ ಕೈ ಎತ್ತಲಾರೆಯಾ ಅಂತ ಕೇಳಿದೆ. "ಇವರೆಲ್ಲಾ ಬೀಳೋಕೇ ಅಂತ ಬಂದಿರೋರು ಕಣೋ ಚೆಲ್ಲ" ಅಂದು ಮೊಸರನ್ನ ಕಲಸಿಕೊಂಡಳು.

ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಎಡಗೆನ್ನೆ ಊದಿಸಿಕೊಂಡು ಬಂದಳು. ಕಣ್ಣಿನ ಕೆಳಗೆ ನೇರಳೆಹಣ್ಣಿನ ಬಣ್ಣ. ಅಂದೋಣಿ ಅಣ್ಣ ಬಣ್ಣದ ಪೆಟ್ಟಿಗೆ ತೆಗೆಯುವಷ್ಟರಲ್ಲಿ ಡೈರೆಕ್ಟರ್ ಒಳಗೆ ಬಂದರು. ನೋಡಿದವರೇ ಚಪ್ಪಾಳೆ ತಟ್ಟಿದರು. "ಅಂದೋಣಿ, ಏನ್ ಕೆಲಸ ಅಯ್ಯಾ ಇದು! ಆಳುಗಳು ಹೊಡೆದಿರೋ ಸೀನಿಗೆ ಇದೇ ಇರಲಿ, ಅಳಿಸಬೇಡ." ಅಂದೋಣಿ ಅಣ್ಣ ಬಾಯಿ ತೆರೆದರು. ಅಕ್ಕ ಅವರ ಕೈ ಅದುಮಿದಳು. ಅಲ್ಲಿಗೆ ಮುಗಿಯಲಿಲ್ಲ. ಆ ಸೀನಿನಿಂದ ಮುಂದೆ ಕಥೆ ಎರಡೇ ದಿನ ನಡೆಯುತ್ತದೆ, ಆದರೆ ತೆಗೆಯಲು ಹನ್ನೊಂದು ದಿನ. ಅಷ್ಟು ದಿನವೂ ಗಾಯ ಒಂದೇ ಥರ ಇರಬೇಕು, ಇಲ್ಲದಿದ್ದರೆ ತೆರೆಯ ಮೇಲೆ ಹಾರಿ ಹಾರಿ ಕಾಣುತ್ತದೆ. ಸ್ಟಿಲ್ ಫೋಟೋಗ್ರಾಫರ್ ಕೆನ್ನೆಯ ಫೋಟೋ ತೆಗೆದುಕೊಟ್ಟ. ನಿಜವಾದ ಗಾಯ ಹಸಿರಾಗಿ, ಹಳದಿಯಾಗಿ ಮಾಸುತ್ತ ಬಂತು. ಅಂದೋಣಿ ಅಣ್ಣ ದಿನವೂ ಫೋಟೋ ನೋಡಿಕೊಂಡು ಅದೇ ಜಾಗದಲ್ಲಿ ಭಾವನ ಬೆರಳುಗಳನ್ನು ಮತ್ತೆ ಬರೆದರು. ಐದನೇ ದಿನ ಅವನು ಬಲಗೆನ್ನೆಗೂ ಕೊಟ್ಟು ಕಳಿಸಿದ. ಆವತ್ತು ಅಂದೋಣಿ ಅಣ್ಣ ಬ್ರಷ್ಷು ಕೆಳಗಿಟ್ಟರು. "ಒಂದು ಕಡೆ ಇಲ್ಲದ್ದನ್ನ ಬರೀಬೇಕು, ಇನ್ನೊಂದು ಕಡೆ ಇರೋದನ್ನ ಅಳಿಸಬೇಕು. ಮೂವತ್ತು ವರ್ಷ ಆಯ್ತು ತಾಯಿ ಈ ಕೆಲಸಕ್ಕೆ ಬಂದು. ನನ್ ಕೈಲಾಗಲ್ಲ" ಅಂತ ಹೊರಗೆ ಹೋಗಿ ವ್ಯಾನಿನ ಹಿಂದೆ ನಿಂತು ಅತ್ತರು. ಅಕ್ಕನೇ ಕನ್ನಡಿ ಹಿಡಿದು ಬಲಗೆನ್ನೆ ಮುಚ್ಚಿಕೊಂಡಳು. ಮೊದಲು ಹಳದಿ ಪುಡಿ, ಅದರ ಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಮೈಬಣ್ಣ. ವಾಪಸ್ ಬಂದ ಅಂದೋಣಿ ಅಣ್ಣ ನೋಡಿ, "ಇದು ನಮ್ಮ ಸಿನಿಮಾ ಕೈ ಅಲ್ಲ, ನಾಟಕದವರ ಕೈ. ಯಾರು ಕಲಿಸಿದ್ರು?" ಅಂದರು.

ಯಾರು ಕಲಿಸಿದ್ದು ಅಂತ ನನಗೆ ಗೊತ್ತು. ನೀನೂ ಅಪ್ಪನೂ ನಾಟಕ ಕಂಪನಿಯಲ್ಲಿದ್ದಾಗ ನನಗೆ ಆರು ವರ್ಷ. ಅಪ್ಪ ಹಾರ್ಮೋನಿಯಂ ಪಕ್ಕಕ್ಕೆ ಸರಿಸಿ ಎದ್ದರೆ ನಾನು ಪರದೆಯ ಹಿಂದೆ ಓಡುತ್ತಿದ್ದೆ. ಆಮೇಲೆ ನೀನು ಕನ್ನಡಿಯ ಮುಂದೆ ಕೂತು ಹಳದಿ ಹಚ್ಚಿಕೊಂಡು, ರಾಣಿಯ ಕಿರೀಟ ಇಟ್ಟುಕೊಂಡು ಹೋಗಿ ಹಾಡುತ್ತಿದ್ದೆ. "ಬಣ್ಣ ಹಚ್ಚಿದ ಮುಖಕ್ಕೆ ಏಟು ಕಾಣಲ್ಲ ಕಣೇ, ಹೊಡೆಯೋ ಕೈನೇ ತಬ್ಬಿಕೊಳ್ಳೋದು" ಅಂತ ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿದೆ. ನಿನ್ನ ಮೇಲೆ ಕೋಪಕ್ಕೆ ಬರೆಯುತ್ತಿಲ್ಲಮ್ಮ. ಆ ಕಾಲದಲ್ಲಿ ನಿನಗೆ ಯಾರಿದ್ದರು? ಆದರೆ ಅಪ್ಪನ ಕೈ ತಬ್ಬಿಕೊಂಡದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನೀನು ನೋಡಿದ್ದರೆ ಹೇಳು.

ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಊರಾಚೆಯ ಕಲ್ಲುಗಣಿಯಲ್ಲಿ ಕೊನೆಯ ಫೈಟು. ಎರಡಾಳೆತ್ತರದ ಬಂಡೆಯ ಮೇಲಿಂದ ನಾನು ಕೆಳಗೆ ನೆಗೆಯಬೇಕು. ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸಿ, ಮೇಲೆ ಹಾಸಿಗೆ ಹಾಸಿ, ಮಣ್ಣಿನ ಬಣ್ಣದ ಬಟ್ಟೆ ಮುಚ್ಚಿದ್ದರು. ಕುಂಬಳಕಾಯಿ ಒಡೆದು ಕರ್ಪೂರ ಹಚ್ಚಿದ್ದಾಯಿತು. ನಾನು ಕೆಂಪು ಸೀರೆಯಲ್ಲಿ, ಜಡೆ ಇಳಿಬಿಟ್ಟು, ಕ್ಯಾಮರಾಕ್ಕೆ ಬೆನ್ನು ಹಾಕಿ ಬಂಡೆಯ ಅಂಚಿನಲ್ಲಿ ನಿಂತಿದ್ದೆ. ಅಕ್ಕ ಅದೇ ಸೀರೆಯಲ್ಲಿ ದೂರದ ಕೊಡೆಯ ಕೆಳಗೆ. ಆ ಬೆಳಿಗ್ಗೆಯೇ ಅವಳು ಮ್ಯಾನೇಜರಿಗೆ ಹೇಳಿದ್ದಳಂತೆ: "ಇನ್ಮೇಲೆ ನನ್ ಕಾಲ್‌ಶೀಟ್ ನನ್ನನ್ನೇ ಕೇಳಿ." ಎಂಟು ವರ್ಷದಲ್ಲಿ ಮೊದಲ ಸಲ. ಕಂಪನಿ ಆಫೀಸಿನಲ್ಲಿ ಅದನ್ನು ಕೇಳಿದ ಭಾವ ಕಾರು ಹತ್ತಿ ಬಂದ. ಹಿಂದಿನ ದಾರಿಯಲ್ಲಿ ಬಂಡೆ ಹತ್ತಿದ. ನನಗೆ ಕೇಳಿಸಿದ್ದು ಚಪ್ಪಲಿಯ ಸದ್ದು ಮಾತ್ರ. ಜಡೆ ಹಿಡಿದು ಹಿಂದಕ್ಕೆ ಎಳೆದ. ಮೊದಲ ಏಟು ಕಿವಿಯ ಮೇಲೆ. ಎರಡನೆಯದು ಕಾಲಿನಿಂದ, ಮಂಡಿಯ ಹಿಂಭಾಗಕ್ಕೆ. ಕೆಳಗೆ ಬಿದ್ದವನ ಪಕ್ಕೆಲುಬಿಗೆ ಮೂರನೆಯದು. "ನಿನ್ ಡೇಟು ನೀನೇ ಕೊಡ್ತೀಯೇನೇ? ನಾನೇನು ಸತ್ತೋಗಿದೀನಾ?" ಅಮ್ಮ, ಆರು ವರ್ಷದಿಂದ ದಿನವೂ ಏಟು ತಿನ್ನುವುದೇ ನನ್ನ ಕೆಲಸ. ಆದರೆ ಗೇಣಿನಾಚೆ ನಿಲ್ಲದ ಏಟು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ನೋವಿಗಿಂತ ಹೆಚ್ಚಾಗಿ, ಅವನಿಗೆ ಅದು ಎಷ್ಟು ರೂಢಿಯಾಗಿತ್ತು ಅನ್ನುವುದು ತಿಳಿಯಿತು. ಎಲ್ಲಿ ಹೊಡೆದರೆ ಬೀಳುತ್ತಾಳೆ, ಬಿದ್ದ ಮೇಲೆ ಎಲ್ಲಿ ಒದೆಯಬೇಕು, ಎಲ್ಲವೂ ಅವನಿಗೆ ಲೆಕ್ಕ ಹಾಕಿದ ಹಾಗೆ ಗೊತ್ತಿತ್ತು. ಮತ್ತೆ ಜಡೆ ಎಳೆದ. ಚೌರಿ ಅವನ ಕೈಗೇ ಬಂತು.

ಕೆಳಗೆ ಇನ್ನೂರು ಜನ ತಲೆಯೆತ್ತಿ ನೋಡುತ್ತ ನಿಂತಿದ್ದರು. ಭಾವ ಕೈಯಲ್ಲಿದ್ದ ಕೂದಲು ನೋಡಿದ, ನನ್ನ ಮುಖ ನೋಡಿದ. ಆಮೇಲೆ ನಕ್ಕ. ನಿಜಕ್ಕೂ ಬೇಜಾರಾದವನ ಹಾಗೆ ನನ್ನ ಭುಜದ ಮಣ್ಣು ಕೊಡವಿದ. "ಅಯ್ಯೋ, ನೀನೇನೋ ಚೆಲ್ಲ! ತಪ್ಪು ತಿಳ್ಕೋಬೇಡಪ್ಪಾ, ಅವಳು ಅಂದ್ಕೊಂಡೆ."

ಆ ಮಾತಿಗೆ ನನ್ನ ಕೈ ಎದ್ದಿತು. ಮೊದಲ ಏಟಿಗೆ ಮೂಗಿನ ಮೂಳೆ ಮುರಿದ ಸದ್ದು ಕೇಳಿಸಿತು. ಅದನ್ನು ಯಾರೂ ಆಮೇಲೆ ಸೇರಿಸಬೇಕಾಗಿರಲಿಲ್ಲ. ಬಳೆಗಳು ಒಡೆದು ನನ್ನ ಮಣಿಕಟ್ಟಿಗೇ ಚುಚ್ಚಿಕೊಂಡವು. ಎರಡನೆಯದು, ಮೂರನೆಯದು. ಅವನ ಬಿಳಿ ಅಂಗಿಯ ಎದೆಯೆಲ್ಲ ಕೆಂಪಾಯಿತು. ಅವನು ಹಿಂದೆ ಹಿಂದೆ ಸರಿದ, ನಾನು ಎರಡೂ ಕೈಯಿಂದ ಎದೆಗೆ ಕೊಟ್ಟು ನೂಕಿದೆ. ಅಂಚಿನಿಂದ ಹೋದ. ಕೆಳಗೆ ನನಗಾಗಿ ಜೋಡಿಸಿದ್ದ ಡಬ್ಬಗಳ ಮೇಲೆ ಅರ್ಧ ಬಿದ್ದ, ಅರ್ಧ ಕಲ್ಲಿನ ಮೇಲೆ. ಡಬ್ಬ ಇರುವುದು ಗೊತ್ತಿದ್ದೇ ನೂಕಿದೆ ಅಂತ ಹೇಳು, ಉಳಿದುಕೊಳ್ಳುತ್ತೀಯ ಅಂತ ಮಾಸ್ಟರ್ ಹೇಳಿಕೊಡುತ್ತಿದ್ದಾರೆ. ನಿನಗೆ ಸುಳ್ಳು ಹೇಳುವುದಿಲ್ಲ. ಆ ಗಳಿಗೆಯಲ್ಲಿ ನನಗೆ ಡಬ್ಬ ನೆನಪಿರಲಿಲ್ಲ.

ಅಕ್ಕ ಬರಿಗಾಲಿನಲ್ಲಿ ಓಡಿ ಬಂದಳು. ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಾಳೆ ಅಂತ ಎಲ್ಲರೂ ದಾರಿ ಬಿಟ್ಟರು. ಅವಳು ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು. "ಇದೆ" ಅಂದಳು. ಕಾರಿಗೆ ಎತ್ತಿಸಿ ಆಸ್ಪತ್ರೆಗೆ ಕಳಿಸಿದಳು, ತಾನು ಹೋಗಲಿಲ್ಲ. ನನ್ನ ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು, ಮಾಸ್ಟರ್ ನನ್ನನ್ನು ಮತ್ತೆ ಬಂಡೆ ಹತ್ತಲು ಬಿಡಲಿಲ್ಲ. ಡೈರೆಕ್ಟರ್ ಪ್ಯಾಕಪ್ ಅನ್ನುವಷ್ಟರಲ್ಲಿ ಅಕ್ಕ, "ಬೆಳಕಿದೆಯಲ್ಲ ಸಾರ್, ನಾನೇ ನೆಗೀತೀನಿ" ಅಂದಳು. "ಬೇಡ ತಾಯಿ, ಕಾಲು ಮುರ್ಕೋತೀಯ" ಅಂದರು ಮಾಸ್ಟರ್. "ಮುರಿದ್ರೆ ನಾನೇ ಮುರ್ಕೊಂಡಿದ್ದು ಅಂತಾಗುತ್ತಲ್ಲ ಮಾಸ್ಟರ್, ಸಾಕು." ಮೊದಲ ಟೇಕಿನಲ್ಲಿ ಕಣ್ಣು ಮುಚ್ಚಿಬಿಟ್ಟಳು, ಕೆಟ್ಟುಹೋಯಿತು. ಎರಡನೆಯದರಲ್ಲಿ ಸೀರೆ ಕಾಲಿಗೆ ತೊಡರಿ ಪಾದ ಉಳುಕಿತು. ಮೂರನೆಯದರಲ್ಲಿ ಕಣ್ಣು ಬಿಟ್ಟುಕೊಂಡೇ ಬಂದಳು. ಹದಿನಾರು ವರ್ಷದ ಸಿನಿಮಾದಲ್ಲಿ ಅವಳು ತಾನೇ ಬಿದ್ದದ್ದು ಆವತ್ತು ಮೊದಲು. ಫೈಟರುಗಳು ಶಿಳ್ಳೆ ಹೊಡೆದರು. ನನಗೆ ಹೊಡೆಯಲಾಗಲಿಲ್ಲ, ಬಂಡೆಯ ಮೇಲೆ ಬಿದ್ದಾಗ ತುಟಿ ಸೀಳಿತ್ತು.

ಇಷ್ಟೆಲ್ಲ ಮಾಡಿದವಳು ನಿನ್ನೆ ದೊಡ್ಡಪ್ಪನ ಫೋನು ಬಂದ ಮೇಲೆ ಪೆಟ್ಟಿಗೆ ಕಟ್ಟಲು ಶುರು ಮಾಡಿದಳು. "ಎಂಟು ವರ್ಷ ತಿಂದಿದೀನಿ, ಇನ್ನೆಂಟು ವರ್ಷ ತಿಂದರೆ ಮುಖ ಹೇಗೂ ಮುದಿಯಾಗುತ್ತೆ, ಆಮೇಲೆ ಅವನೇ ಬಿಟ್ಟುಬಿಡ್ತಾನೆ. ನೀನು ಜೈಲಿಗೆ ಹೋದ್ರೆ ಅಮ್ಮ ಉಳಿಯಲ್ಲ ಕಣೋ" ಅಂದಳು. ನಾನು ಪೆಟ್ಟಿಗೆ ಕಿತ್ತುಕೊಂಡು ಬಟ್ಟೆಯೆಲ್ಲ ನೆಲಕ್ಕೆ ಸುರಿದೆ. ಅವಳು ಮತ್ತೆ ಮಡಚಿದಳು. ಯೂನಿಟ್ಟಿನವರಿಗೆ ಹೇಗಾದರೂ ಚಿತ್ರ ಮುಗಿದರೆ ಸಾಕು, ಅವರೂ ರಾಜಿ ರಾಜಿ ಅನ್ನುತ್ತಾರೆ. ಹೀಗೆ ನನ್ನನ್ನು ತಕ್ಕಡಿಯ ಒಂದು ಕಡೆಗಿಟ್ಟು ಎಲ್ಲರೂ ಸೇರಿ ಅವಳನ್ನು ತೂಗಿ ಕೊಡುತ್ತಿದ್ದೀರಿ. ಅವಳನ್ನು ಕೊಟ್ಟು ನನ್ನನ್ನು ಬಿಡಿಸಿದರೆ, ಅಮ್ಮ, ಅವನು ಮತ್ತೆ ಕೈ ಎತ್ತಿದ ದಿನ ನಾನು ಡಬ್ಬ ಇಲ್ಲದ ಜಾಗ ನೋಡಿಯೇ ನೂಕುತ್ತೇನೆ. ಆಗ ಮಗನೂ ಇಲ್ಲ, ಮಗಳೂ ಇಲ್ಲ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಭಾನುವಾರ ನೀನು ಒಪ್ಪಬೇಡ. ದೊಡ್ಡಪ್ಪ ಗದರಿದರೂ, ಅವನು ಮುರಿದ ಹೆಗಲು ತೋರಿಸಿ ಅತ್ತರೂ ಒಪ್ಪಬೇಡ. ಅವನು ಚೆನ್ನಾಗಿ ಅಳುತ್ತಾನೆ, ನಾನು ನೋಡಿದ್ದೇನೆ.

ಎಣ್ಣೆ ಮುಗಿದಿದ್ದರೆ ಹೇಳು, ಇನ್ನೊಂದು ಸೀಸೆ ಕಳಿಸುತ್ತೇನೆ. ಸಿವಗಾಮಿ ಅತ್ತೆಗೂ ಅವರ ಮೊಮ್ಮಕ್ಕಳಿಗೂ ನನ್ನ ನೆನಪು ಹೇಳು. ಅಂದೋಣಿ ಅಣ್ಣ ನಿನಗೆ ವಂದನೆ ತಿಳಿಸಿದ್ದಾರೆ. ನಿನ್ನ ಆಶೀರ್ವಾದ ನಮ್ಮಿಬ್ಬರ ತಲೆಯ ಮೇಲೂ ಒಂದೇ ತೂಕದಲ್ಲಿರಲಿ.

ಇಂತಿ ನಿನ್ನ ಮಗ,
ಚೆಲ್ಲಯ್ಯ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇದನ್ನು ಪೊಲೀಸ್ ಠಾಣೆಯ ಎದುರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಂದೋಣಿ ಅಣ್ಣ ಜೊತೆಗಿದ್ದಾರೆ. ನೂಕಿದ್ದು ನಾನೇ ಅಂತ, ಯಾಕೆ ನೂಕಿದೆ ಅಂತ ನಾನೇ ಒಳಗೆ ಹೋಗಿ ಬರೆಸುತ್ತೇನೆ. ಅಕ್ಕನಿಗೆ ಹೇಳಿಲ್ಲ. ಇನ್ನು ಅವನ ಜೇಬಿನ ಕಾಗದಕ್ಕೆ ಬೆಲೆಯಿಲ್ಲ, ನಿನ್ನ ಹತ್ತಿರ ಅವನು ಕೇಳುವುದಕ್ಕೂ ಏನೂ ಇಲ್ಲ. ಅಕ್ಕ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಪತ್ರ ಮುಟ್ಟಿದ ದಿನವೇ ಹಗಲಿನ ಬಸ್ಸು ಹತ್ತಿ ಅವಳ ಹತ್ತಿರ ಬಾ. ಭಾನುವಾರ ಅವರು ತಟ್ಟೆ ಹಿಡಿದು ಬಂದಾಗ ನಿನ್ನ ಬಾಗಿಲಿಗೆ ಬೀಗ ಇರಲಿ.